ಮೆಜೆಸ್ಟಿಕ್ ಕೆಳಗೆ ಏನಿತ್ತು? ನಮ್ಮ ಮೆಟ್ರೊ ನೆಲದಡಿ ನಿಲ್ದಾಣಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಂದ ಬೆಂಗಳೂರಿಗೆ ನೆಂಟರು ಬಂದಾಗ ಅವರನ್ನು ಕಬ್ಬನ್ ಪಾರ್ಕ್‌ನಲ್ಲಿ ಮೆಟ್ರೊ ಹತ್ತಿಸಿ, ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿ, ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿಸುವುದು ನನ್ನ ರೂಢಿ. ದಾರಿಯುದ್ದಕ್ಕೂ ಪ್ರಶ್ನೆಗಳು ಬರುತ್ತವೆ. ಅವರು ಊರಿಗೆ ಹೋದ ಮೇಲೆ ಫೋನಿನಲ್ಲಿ, ಕಾಗದದಲ್ಲಿ ಇನ್ನಷ್ಟು. ಅವನ್ನೆಲ್ಲ ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಆಳಕ್ಕೆ ಇಳಿಯುವಂಥವು.

## ಮೊದಲು ಕೇಳುವವು

ನೆಲದ ಕೆಳಗಿರೋ ಸ್ಟೇಷನ್‌ಗಳು ಯಾವ್ಯಾವು?

ಮೊದಲ ಹಂತದಲ್ಲಿ ಏಳು. ನೇರಳೆ ಮಾರ್ಗದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹೋದರೆ ಕಬ್ಬನ್ ಪಾರ್ಕ್, ವಿಧಾನಸೌಧ, ಸೆಂಟ್ರಲ್ ಕಾಲೇಜು, ಮೆಜೆಸ್ಟಿಕ್, ಸಿಟಿ ರೈಲ್ವೆ ಸ್ಟೇಷನ್. ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್ ಜೊತೆಗೆ ಚಿಕ್ಕಪೇಟೆ ಮತ್ತು ಕೆ.ಆರ್. ಮಾರ್ಕೆಟ್. ಮೊದಲ ಹಂತದ ಒಟ್ಟು ಉದ್ದ 42.3 ಕಿ.ಮೀ. ಅದರಲ್ಲಿ ನೆಲದಡಿ ಇರುವುದು ಸುಮಾರು 8.8 ಕಿ.ಮೀ. ಅಷ್ಟೇ. ಗುಲಾಬಿ ಮಾರ್ಗದ ಹನ್ನೆರಡು ನಿಲ್ದಾಣಗಳ ಕಥೆ ಬೇರೆ, ಅದು ಕೊನೆಯಲ್ಲಿದೆ.

ಯಾವಾಗ ಶುರುವಾಗಿದ್ದು?

ನಮ್ಮ ಮೆಟ್ರೊಗೆ ಅಡಿಗಲ್ಲು ಬಿದ್ದದ್ದು 2006ರ ಜೂನ್ 24ರಂದು. ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್ 20ರಂದು, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ. ಅದು ಪೂರ್ತಿ ಎತ್ತರದ ಮಾರ್ಗ. ನೆಲದಡಿ ಹೋಗಲು ಇನ್ನೂ ನಾಲ್ಕೂವರೆ ವರ್ಷ ಕಾಯಬೇಕಾಯಿತು. 2016ರ ಏಪ್ರಿಲ್ 29ರಂದು ನೇರಳೆ ಮಾರ್ಗದ ಸುರಂಗ ಉದ್ಘಾಟನೆಯಾಯಿತು. ದಕ್ಷಿಣ ಭಾರತದ ಮೊದಲ ಸುರಂಗ ಮೆಟ್ರೊ ಅದೇ. ಹಸಿರು ಮಾರ್ಗದ ಸುರಂಗಕ್ಕೆ 2017ರ ಜೂನ್ 17ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಚಾಲನೆ ಕೊಟ್ಟರು.

ಬೇರೆ ಎಲ್ಲ ಕಡೆ ಕಂಬದ ಮೇಲೆ ಹೋಗೋ ರೈಲು ಊರ ನಡುವೆ ಮಾತ್ರ ಯಾಕೆ ಕೆಳಗೆ ಇಳಿಯುತ್ತೆ?

ಕಂಬ ನೆಡಲು ಜಾಗ ಬೇಕು. ಚಿಕ್ಕಪೇಟೆಯ ಬೀದಿಗಳಲ್ಲಿ ಕೈಗಾಡಿ ಹೋಗುವಷ್ಟೇ ಜಾಗ. ಎರಡೂ ಕಡೆ ಅಂಗಡಿ, ಅಂಗಡಿ ಮೇಲೆ ಗೋದಾಮು, ಗೋದಾಮಿನ ಮೇಲೆ ಮನೆ. ಅಲ್ಲಿ ಮೇಲ್ಸೇತುವೆ ಕಟ್ಟುವುದೆಂದರೆ ಪೇಟೆಯನ್ನೇ ಕೆಡವುವುದು. ಇತ್ತ ವಿಧಾನಸೌಧ ಮತ್ತು ಹೈಕೋರ್ಟ್ ಎದುರುಬದುರು ನಿಂತಿವೆ. ಆ ನೋಟದ ನಡುವೆ ಕಾಂಕ್ರೀಟ್ ಕಂಬಗಳನ್ನು ಯಾರೂ ಒಪ್ಪುತ್ತಿರಲಿಲ್ಲ. ನೆಲದಡಿ ಕಟ್ಟುವುದು ತುಂಬಾ ದುಬಾರಿ. ಅದಕ್ಕೇ ಬೇರೆ ದಾರಿ ಇಲ್ಲದ ಕಡೆಯಷ್ಟೇ ರೈಲು ಕೆಳಗಿಳಿಯುತ್ತದೆ.

ಎಲ್ಲಿ ಇಳಿಯುತ್ತೆ, ಎಲ್ಲಿ ಮೇಲೆ ಬರುತ್ತೆ?

ನಾಲ್ಕು ಜಾಗಗಳಲ್ಲಿ. ನೇರಳೆ ಮಾರ್ಗದಲ್ಲಿ ಎಂ.ಜಿ. ರಸ್ತೆ ಮತ್ತು ಕಬ್ಬನ್ ಪಾರ್ಕ್ ನಡುವೆ, ಚಿನ್ನಸ್ವಾಮಿ ಕ್ರೀಡಾಂಗಣದ ಹತ್ತಿರ. ಇನ್ನೊಂದು ತುದಿ ಮಾಗಡಿ ರಸ್ತೆ ನಿಲ್ದಾಣಕ್ಕೆ ಸ್ವಲ್ಪ ಮೊದಲು. ಹಸಿರು ಮಾರ್ಗದಲ್ಲಿ ಮಂತ್ರಿ ಸ್ಕ್ವೇರ್ ಮತ್ತು ಮೆಜೆಸ್ಟಿಕ್ ನಡುವೆ ಒಂದು, ಕೆ.ಆರ್. ಮಾರ್ಕೆಟ್ ಮತ್ತು ನ್ಯಾಷನಲ್ ಕಾಲೇಜು ನಡುವೆ ಇನ್ನೊಂದು. ಮಕ್ಕಳು ಜೊತೆಗಿದ್ದರೆ ಎಂ.ಜಿ. ರಸ್ತೆ ಬಿಟ್ಟ ತಕ್ಷಣ ಕಿಟಕಿ ಹತ್ತಿರ ನಿಲ್ಲಿಸಿ. ಮರದ ತಲೆ, ಮರದ ಕಾಂಡ, ಗೋಡೆ, ಆಮೇಲೆ ಕತ್ತಲು. ಕೆಲವೇ ಸೆಕೆಂಡು. ನನ್ನ ತಂಗಿಯ ಮಗ ಅದನ್ನು ನೋಡಲೆಂದೇ ಮೂರು ಸಲ ಹಿಂದೆ ಮುಂದೆ ಓಡಾಡಿಸಿದ್ದಾನೆ.

ಸ್ಟೇಷನ್ ಹೆಸರುಗಳು ಯಾಕೆ ಇಷ್ಟುದ್ದ? ಜನ ಹೇಳೋದೇ ಬೇರೆ ಅಲ್ವಾ?

ಹೌದು, ಬೋರ್ಡಿನ ಹೆಸರು ಬೇರೆ, ಬಾಯಿಯ ಹೆಸರು ಬೇರೆ. ಮೆಜೆಸ್ಟಿಕ್ ಅಂದರೆ ನಾಡಪ್ರಭು ಕೆಂಪೇಗೌಡ ನಿಲ್ದಾಣ. ಸಿಟಿ ರೈಲ್ವೆ ಸ್ಟೇಷನ್ ಅಂದರೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ. ವಿಧಾನಸೌಧಕ್ಕೆ ಡಾ. ಬಿ.ಆರ್. ಅಂಬೇಡ್ಕರ್ ಹೆಸರು, ಸೆಂಟ್ರಲ್ ಕಾಲೇಜಿಗೆ ಸರ್ ಎಂ. ವಿಶ್ವೇಶ್ವರಯ್ಯ ಹೆಸರು. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಕೊನೆಯದು. ವಿಶ್ವೇಶ್ವರಯ್ಯನವರು ಓದಿದ್ದು ಅದೇ ಸೆಂಟ್ರಲ್ ಕಾಲೇಜಿನಲ್ಲಿ. ಹೆಸರಿಗೂ ಜಾಗಕ್ಕೂ ಅಲ್ಲಿ ನಿಜವಾದ ನಂಟಿದೆ. ಇನ್ನು ಮೆಜೆಸ್ಟಿಕ್ ಎಂಬ ಬಾಯಿಮಾತು ಅಲ್ಲಿದ್ದ ಮೆಜೆಸ್ಟಿಕ್ ಟಾಕೀಸಿನಿಂದ ಬಂತು. ಟಾಕೀಸು ಹೋಯಿತು, ಹೆಸರು ಉಳಿಯಿತು.

ಊರಿನ ರೈಲು ಹಿಡಿಯೋಕೆ ಮೆಜೆಸ್ಟಿಕ್‌ನಲ್ಲಿ ಇಳೀಬೇಕಾ, ಸಿಟಿ ರೈಲ್ವೆ ಸ್ಟೇಷನ್‌ನಲ್ಲಾ?

ರೈಲ್ವೆ ನಿಲ್ದಾಣದ ಮುಂಬಾಗಿಲು, ಅಂದರೆ ಒಂದನೇ ಪ್ಲಾಟ್‌ಫಾರ್ಮ್ ಕಡೆ ಹೋಗುವವರಿಗೆ ಮೆಜೆಸ್ಟಿಕ್ ಅನುಕೂಲ. ಹಿಂಬಾಗಿಲ ಕಡೆಯ ಪ್ಲಾಟ್‌ಫಾರ್ಮ್‌ಗಳಿಗೆ ಸಿಟಿ ರೈಲ್ವೆ ಸ್ಟೇಷನ್ ಹತ್ತಿರ. ಈ ಎರಡು ಮೆಟ್ರೊ ನಿಲ್ದಾಣಗಳ ನಡುವೆ ನೀವು ಹೋಗುವ ಸುರಂಗ ರೈಲ್ವೆ ಹಳಿಗಳ ಅಡಿಯಲ್ಲೇ ಹಾದುಹೋಗುತ್ತದೆ.

ಬೋರ್ಡ್‌ಗಳಲ್ಲಿ ಮೊದಲು ಹಿಂದಿ ಇತ್ತಲ್ವಾ?

ಇತ್ತು. 2017ರಲ್ಲಿ 'ನಮ್ಮ ಮೆಟ್ರೊ ಹಿಂದಿ ಬೇಡ' ಎಂದು ಜನ ದನಿ ಎತ್ತಿದರು. ಆ ವರ್ಷವೇ ಹಿಂದಿ ಅಕ್ಷರಗಳನ್ನು ಮುಚ್ಚಿ, ತೆಗೆದು ಹಾಕಲಾಯಿತು. ಈಗ ಕನ್ನಡ ಮತ್ತು ಇಂಗ್ಲಿಷ್.

'ಮುಂದಿನ ನಿಲ್ದಾಣ' ಅನ್ನೋ ಆ ದನಿ ಯಾರದ್ದು?

ಅಪರ್ಣಾ ಅವರದ್ದು. ಅಚ್ಚಗನ್ನಡದ ನಿರೂಪಕಿ. 2024ರ ಜುಲೈ 11ರಂದು ತೀರಿಕೊಂಡರು. ಆ ಸುದ್ದಿ ಬಂದ ಮರುದಿನ ನಾನು ವಿಧಾನಸೌಧದಲ್ಲಿ ಹತ್ತಿದ್ದೆ. ಬಾಗಿಲು ಮುಚ್ಚಿ ಅವರ ದನಿ ಬಂದಾಗ ಪಕ್ಕದಲ್ಲಿದ್ದ ಹೆಂಗಸೊಬ್ಬರು ಫೋನ್ ಕೆಳಗಿಟ್ಟು ತಲೆಯೆತ್ತಿ ಕೇಳಿದರು. ಊರೆಲ್ಲ ಸದ್ದಿನಲ್ಲಿ ಮುಳುಗಿರುವಾಗ ಒತ್ತಕ್ಷರ ಬಿಡದೆ, ಅವಸರವಿಲ್ಲದೆ ಊರ ಹೆಸರುಗಳನ್ನು ಹೇಳುವ ದನಿ ಅದು.

## ಅಗೆದ ನೆಲದ ಹಳೇ ಕಥೆ

ಮೆಜೆಸ್ಟಿಕ್‌ನಲ್ಲಿ ಕೆರೆ ಇತ್ತಂತೆ, ನಿಜವಾ?

ನಿಜ. ಧರ್ಮಾಂಬುಧಿ ಕೆರೆ. ಪೇಟೆಯ ಜನ ಕುಡಿಯುವ ನೀರಿಗೆ ನಂಬಿದ್ದ ಕೆರೆಗಳಲ್ಲಿ ಅದೂ ಒಂದು. ಕಾಲಕ್ರಮದಲ್ಲಿ ಅದು ಬತ್ತಿತು. ಬತ್ತಿದ ಅಂಗಳ ಸುಭಾಷ್‌ನಗರ ಮೈದಾನವಾಯಿತು. ಆಮೇಲೆ ಬಸ್ ನಿಲ್ದಾಣ ಬಂತು. ಬಸ್ ನಿಲ್ದಾಣದ ಒಂದು ಪಾಲನ್ನು ಅಗೆದು ಮೆಟ್ರೊ ನಿಲ್ದಾಣ ಕಟ್ಟಿದರು.

ಅಂದರೆ ನೀವು ನೇರಳೆಯಿಂದ ಹಸಿರಿಗೆ ಎಸ್ಕಲೇಟರ್‌ನಲ್ಲಿ ಇಳಿಯುತ್ತೀರಲ್ಲ, ಅದು ಒಂದು ಕಾಲದ ಕೆರೆಯ ತಳಕ್ಕಿಂತಲೂ ಕೆಳಗೆ ಇಳಿಯುವ ದಾರಿ. ಕೆರೆಯ ಗುರುತು ಪೂರ್ತಿ ಅಳಿಸಿಲ್ಲ. ಪಕ್ಕದ ಟ್ಯಾಂಕ್ ಬಂಡ್ ರಸ್ತೆ ಅಂದರೆ ಕೆರೆ ಏರಿಯ ರಸ್ತೆ. ಅಣ್ಣಮ್ಮ ದೇವಿ ಕೆರೆಯ ಅಂಚಿನ ದೇವತೆ. ಆದರೆ ನಿಲ್ದಾಣದ ಒಳಗೆ ಕೆರೆಯ ಬಗ್ಗೆ ಕಣ್ಣಿಗೆ ಬೀಳುವಂಥ ಒಂದು ಸಾಲೂ ನನಗೆ ಕಂಡಿಲ್ಲ. ದಿನಾ ಇಷ್ಟು ಜನ ಓಡಾಡುವ ಜಾಗ. ಒಂದು ಗೋಡೆಯ ಮೇಲೆ ಧರ್ಮಾಂಬುಧಿಯ ಹಳೇ ನಕ್ಷೆ ಹಾಕಬಹುದಿತ್ತು, ಅಲ್ವಾ? ಇದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತಲೇ ಇದ್ದೇನೆ.

ಕೆ.ಆರ್. ಮಾರ್ಕೆಟ್ ಹತ್ರ ಅಗೆಯೋವಾಗ ಫಿರಂಗಿ ಸಿಕ್ಕಿತ್ತಂತೆ?

ಸಿಕ್ಕಿತ್ತು. 2012ರಲ್ಲಿ ಮೆಟ್ರೊ ಕೆಲಸ ನಡೆಯುವಾಗ ಹಳೇ ಕಬ್ಬಿಣದ ಫಿರಂಗಿ ಮಣ್ಣಿನಿಂದ ಎದ್ದು ಬಂತು. ಹದಿನೆಂಟನೇ ಶತಮಾನದ್ದು, ಟಿಪ್ಪು ಕಾಲದ್ದು ಎಂದು ಗುರುತಿಸಿದರು.

ಆ ಜಾಗ ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಕೆಂಪೇಗೌಡರು 1537ರ ಸುಮಾರಿಗೆ ಕಟ್ಟಿಸಿದ ಮಣ್ಣಿನ ಕೋಟೆಯನ್ನು ಹೈದರ್ ಅಲಿ 1761ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದ. 1791ರ ಮಾರ್ಚ್ 21ರ ರಾತ್ರಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಆ ಕೋಟೆಯ ಗೋಡೆ ಒಡೆದು ಒಳನುಗ್ಗಿತು. ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಸುತ್ತಲಿನ ಒಂದು ತುಂಡು. ಕೋಟೆ ವೆಂಕಟರಮಣ ದೇವಸ್ಥಾನ, ಟಿಪ್ಪುವಿನ ಬೇಸಿಗೆ ಅರಮನೆ, ವಾಣಿವಿಲಾಸ ಆಸ್ಪತ್ರೆ ಎಲ್ಲ ಇರುವುದು ಅದೇ ಕೋಟೆಯ ಹರವಿನಲ್ಲಿ. ಕೋಟೆ ಮುಂದಿನ ಬಯಲು ಕಾಳಗದ ಬಯಲು. ಅಲ್ಲೇ ಸಿದ್ದಿಕಟ್ಟೆ ಎಂಬ ಕೊಳವೂ ಇತ್ತು. ಅದರ ಜಾಗದಲ್ಲಿ ಎದ್ದದ್ದೇ 1921ರ ಕೃಷ್ಣರಾಜೇಂದ್ರ ಮಾರುಕಟ್ಟೆ.

ಬೆಳಗ್ಗೆ ಆರೂವರೆಗೆ ಈ ನಿಲ್ದಾಣಕ್ಕೆ ಹೋಗಿ ನೋಡಿ. ಬಾಳೆ ಎಲೆಯಲ್ಲಿ ಸುತ್ತಿ ನಾರಿನಿಂದ ಕಟ್ಟಿದ ಮಲ್ಲಿಗೆ ಪೊಟ್ಟಣ ಹಿಡಿದವರು ಮೆಟ್ಟಿಲಿಳಿದು ಬರುತ್ತಾರೆ. ಹೊರಗಿನ ಗದ್ದಲ ಮೇಲೆಯೇ ಉಳಿಯುತ್ತದೆ, ಹೂವಿನ ವಾಸನೆ ಮಾತ್ರ ಟಿಕೆಟ್ ಗೇಟಿನವರೆಗೂ ಬರುತ್ತದೆ. ಗ್ರಾನೈಟ್ ನೆಲದ ಮೇಲೆ ಅಲ್ಲೊಂದು ಇಲ್ಲೊಂದು ಕನಕಾಂಬರ ಬಿದ್ದಿರುತ್ತದೆ. ಮೇಲೆ ಬಂದರೆ ಕೋಟೆ ಬಾಗಿಲಿಗೆ ಸ್ವಲ್ಪವೇ ನಡಿಗೆ.

ಚಿಕ್ಕಪೇಟೆ ಸ್ಟೇಷನ್ ಕಟ್ಟಿದ್ದರಿಂದ ಪೇಟೆಗೆ ಒಳ್ಳೇದಾಯ್ತಾ, ಕೆಟ್ಟದ್ದಾಯ್ತಾ?

ಎರಡೂ. ಕೆಂಪೇಗೌಡರು ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಕೂಡುವಲ್ಲಿಂದ ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿ ಊರಿನ ಬೀದಿ ಗುರುತಿಸಿದರು ಎನ್ನುವುದು ನಾವು ಕೇಳಿ ಬೆಳೆದ ಕಥೆ. ಅಕ್ಕಿಪೇಟೆ, ಅರಳೆಪೇಟೆ, ಬಳೆಪೇಟೆ, ಕುಂಬಾರಪೇಟೆ ಎಲ್ಲ ಆ ಸುತ್ತಿನವೇ. ಅಂಥ ಕಡೆ ದೊಡ್ಡ ಗುಂಡಿ ತೋಡಲು ಕಟ್ಟಡಗಳನ್ನು ಕೆಡವಲೇಬೇಕಾಯಿತು. ಅಂಗಡಿ ಕಳಕೊಂಡವರಿಗೆ ಪರಿಹಾರ ಸಿಕ್ಕಿರಬಹುದು, ಆದರೆ ಪೇಟೆಯ ಅಂಗಡಿಗೆ ಬೆಲೆ ಬರುವುದೇ ಅದು ನಿಂತ ಜಾಗದಿಂದ, ಗಿರಾಕಿಯ ಗುರುತಿನಿಂದ. ಇನ್ನೊಂದು ಕಡೆ, ಮದುವೆ ಸೀರೆ ತರಲು ಗಾಡಿ ನಿಲ್ಲಿಸುವ ಜಾಗ ಹುಡುಕುತ್ತಾ ಸುಸ್ತಾಗುತ್ತಿದ್ದವರು ಈಗ ಪೇಟೆಯ ಹೊಟ್ಟೆಯಲ್ಲೇ ಇಳಿಯುತ್ತಾರೆ. ಸೀರೆ ಗಂಟು ಹೊತ್ತ ಅಜ್ಜಿಯಂದಿರನ್ನು ಆ ರೈಲಿನಲ್ಲಿ ನೋಡಿದಾಗ ನನಗೆ ಸಮಾಧಾನ ಆಗುತ್ತದೆ.

## ಕಟ್ಟಿದ ಬಗೆ

ಸ್ಟೇಷನ್ನನ್ನೂ ಅದೇ ಸುರಂಗದ ಮೆಷಿನ್ ಕೊರೆಯುತ್ತಾ?

ಇಲ್ಲ. ನಿಲ್ದಾಣ ಬೇರೆ, ಸುರಂಗ ಬೇರೆ. ನಿಲ್ದಾಣಕ್ಕೆ ಮೇಲಿನಿಂದಲೇ ಉದ್ದನೆಯ ಗುಂಡಿ ತೋಡುತ್ತಾರೆ, ಒಳಗೆ ಕಾಂಕ್ರೀಟ್ ಪೆಟ್ಟಿಗೆ ಕಟ್ಟುತ್ತಾರೆ, ಮೇಲೆ ಮಣ್ಣು ಮುಚ್ಚಿ ರಸ್ತೆ ಹಾಕುತ್ತಾರೆ. ವಿಧಾನಸೌಧದ ಮುಂದಿನ ಅಂಬೇಡ್ಕರ್ ಬೀದಿ ವರ್ಷಗಟ್ಟಲೆ ಮುಚ್ಚಿದ್ದು ಇದಕ್ಕೇ. ಒಂದು ನಿಲ್ದಾಣದ ಪೆಟ್ಟಿಗೆಯಿಂದ ಇನ್ನೊಂದರವರೆಗೆ ಮಾತ್ರ ಸುರಂಗದ ಯಂತ್ರ ಕೊರೆಯುತ್ತದೆ. ಕೊರೆದ ಹಾಗೇ ಹಿಂದೆ ಕಾಂಕ್ರೀಟಿನ ಬಾಗಿದ ತುಂಡುಗಳನ್ನು ಜೋಡಿಸಿ ಬಳೆ ಮಾಡುತ್ತಾ ಹೋಗುತ್ತದೆ. ಮೊದಲ ಹಂತದ ಸುರಂಗದ ಒಳ ಅಗಲ 5.6 ಮೀಟರ್.

ಮೆಷಿನ್‌ಗಳಿಗೆ ಹೆಣ್ಣಿನ ಹೆಸರು, ನದಿ ಹೆಸರು ಯಾಕೆ?

ಸುರಂಗದ ಕೆಲಸಗಾರರು ಸಂತ ಬಾರ್ಬರಾಳನ್ನು ಕಾಯುವ ದೇವತೆ ಎಂದು ನಂಬುತ್ತಾರೆ. ಯುರೋಪಿನ ಈ ನಂಬಿಕೆಯಿಂದ ಯಂತ್ರಕ್ಕೆ ಹೆಣ್ಣಿನ ಹೆಸರಿಡುವ ಪದ್ಧತಿ ಬಂತು. ಇಲ್ಲಿ ನೇರಳೆ ಮಾರ್ಗಕ್ಕೆ ಹೆಲೆನ್, ಮಾರ್ಗರಿಟಾ ಬಂದರು. ಹಸಿರಿಗೆ ಕಾವೇರಿ, ಕೃಷ್ಣಾ, ಗೋದಾವರಿ. ಗುಲಾಬಿಗೆ ಊರ್ಜಾ, ವಿಂಧ್ಯಾ, ಅವನಿ, ಲವಿ, ವರದಾ, ರುದ್ರ, ವಾಮಿಕಾ, ತುಂಗಾ, ಭದ್ರಾ.

ನಾಲ್ಕೈದು ಕಿಲೋಮೀಟರಿಗೆ ಅಷ್ಟು ವರ್ಷ ಯಾಕೆ ಹಿಡೀತು?

ಲಾಲ್‌ಬಾಗ್ ಬಂಡೆ ಹತ್ತಿದ್ದೀರಾ? ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಬೆಂಗಳೂರಿನ ಹೊಟ್ಟೆಯಲ್ಲಿರುವುದು ಅದೇ ಜಾತಿಯ ಕಲ್ಲು. ಬರೀ ಬಂಡೆಯಾಗಿದ್ದರೆ ಅದಕ್ಕೆ ತಕ್ಕ ಹಲ್ಲು ಹಾಕಿ ಕೊರೆಯಬಹುದು. ಬರೀ ಮಣ್ಣಾದರೂ ಸರಿ. ಇಲ್ಲಿ ಎರಡೂ ಕಲಸಿಕೊಂಡಿವೆ. ಬಂಡೆಯ ಮೇಲ್ಭಾಗ ಕೊಳೆತು ಮಣ್ಣಾಗಿದೆ, ಆ ಮಣ್ಣಿನೊಳಗೆ ದೊಡ್ಡ ದೊಡ್ಡ ಗುಂಡುಗಳು ಹಾಗೇ ಉಳಿದಿವೆ. ಯಂತ್ರದ ಮುಖದ ಒಂದು ಪಕ್ಕಕ್ಕೆ ಮೆತ್ತನೆ ಮಣ್ಣು, ಇನ್ನೊಂದು ಪಕ್ಕಕ್ಕೆ ಕಲ್ಲು ತಾಗಿದರೆ ಹಲ್ಲುಗಳು ಒಂದೇ ಸಮ ಸವೆಯುವುದಿಲ್ಲ, ಮುರಿಯುತ್ತವೆ. ಚಿಕ್ಕಪೇಟೆ ಮತ್ತು ಮೆಜೆಸ್ಟಿಕ್ ನಡುವೆ ಗೋದಾವರಿ ಹೀಗೇ ಕೆಟ್ಟು ತಿಂಗಳುಗಟ್ಟಲೆ ನಿಂತಿತು. ಮೇಲೆ ಕಟ್ಟಡ, ಸುತ್ತ ಮಣ್ಣು. ಅಂಥ ಜಾಗದಲ್ಲಿ ಯಂತ್ರದ ಮುಖವನ್ನು ರಿಪೇರಿ ಮಾಡಿದವರ ಕಷ್ಟ ನಮಗೆ ಕಾಣುವುದೇ ಇಲ್ಲ. ಆ ದಿನಗಳಲ್ಲಿ ನಾವು ಸುಮ್ನೆ 'ಇನ್ನೂ ಮುಗಿದಿಲ್ವಾ' ಎಂದು ಬೈದುಕೊಂಡು ಓಡಾಡಿದ್ದೇವೆ.

ನೆಲದಡಿ ಹೋದ ಮೇಲೆ ಬಾಗಿಲು ಬಲಗಡೆ ಯಾಕೆ ತೆರೆಯುತ್ತೆ?

ಒಳ್ಳೆಯ ಗಮನ. ನಮ್ಮ ರೈಲುಗಳು ಎಡಗಡೆಯ ಹಳಿಯಲ್ಲಿ ಓಡುತ್ತವೆ. ಎತ್ತರದ ನಿಲ್ದಾಣಗಳಲ್ಲಿ ಸಾಮಾನ್ಯವಾಗಿ ಎರಡೂ ಹಳಿಗಳು ನಡುವೆ ಇರುತ್ತವೆ, ಪ್ಲಾಟ್‌ಫಾರ್ಮ್‌ಗಳು ಎರಡು ಬದಿಗೆ. ಹಾಗಾಗಿ ಬಾಗಿಲು ಎಡಕ್ಕೆ. ನೆಲದಡಿಯಲ್ಲಿ ಹಾಗಲ್ಲ, ಹೋಗುವ ರೈಲಿಗೂ ಬರುವ ರೈಲಿಗೂ ಬೇರೆ ಬೇರೆ ಕೊಳವೆ. ಎರಡು ಕೊಳವೆಗಳ ನಡುವೆ ಅಂತರ ಬಿಡಲೇಬೇಕು. ಆ ಅಂತರದ ಜಾಗದಲ್ಲೇ ನಿಲ್ದಾಣದ ಪ್ಲಾಟ್‌ಫಾರ್ಮ್ ಕೂತುಕೊಳ್ಳುತ್ತದೆ, ನಡುಗಡ್ಡೆಯ ಹಾಗೆ. ಹಾಗಾಗಿ ಬಾಗಿಲು ಬಲಕ್ಕೆ. ಕಬ್ಬನ್ ಪಾರ್ಕ್‌ನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ.

ರೈಲು ಬರೋ ಮುಂಚೆ ಆ ಗಾಳಿ ಎಲ್ಲಿಂದ ಬರುತ್ತೆ?

ಸುರಂಗ ಒಂದು ಕೊಳವೆ, ರೈಲು ಅದರೊಳಗಿನ ಬಿರಡೆ. ಮುಂದಿರುವ ಗಾಳಿಯನ್ನು ತಳ್ಳಿಕೊಂಡೇ ಬರುತ್ತದೆ. ಬೆಳಕು ಕಾಣುವ ಮೊದಲೇ ಗಾಳಿ ಮುಖಕ್ಕೆ ತಾಗುತ್ತದೆ.

ರೈಲಿನ ಮೇಲೆ ಕರೆಂಟ್ ತಂತಿನೇ ಇಲ್ಲವಲ್ಲ?

ಕರೆಂಟು ಹಳಿಯ ಪಕ್ಕದ ಮೂರನೇ ಹಳಿಯಲ್ಲಿದೆ, 750 ವೋಲ್ಟ್ ಡಿ.ಸಿ. ದೆಹಲಿ ಮೆಟ್ರೊದಲ್ಲಿ 25,000 ವೋಲ್ಟಿನ ತಂತಿ ತಲೆಯ ಮೇಲೆ ಹೋಗುತ್ತದೆ. ತಂತಿಗೆ ಸುರಂಗದೊಳಗೆ ಮೇಲೆ ಜಾಗ ಬಿಡಬೇಕು, ಸುರಂಗ ಜಾಸ್ತಿ ದೊಡ್ಡದಾಗಬೇಕು. ನಮ್ಮದರಲ್ಲಿ ಆ ಜಾಗ ಉಳಿಯಿತು. ಹಳಿಗೆ ಏನಾದರೂ ಬಿದ್ದರೆ ದಯವಿಟ್ಟು ಇಳಿಯಬೇಡಿ, ಸಿಬ್ಬಂದಿಯನ್ನು ಕರೆಯಿರಿ.

ಎಲ್ಲ ಸ್ಟೇಷನ್ನೂ ಒಂದೇ ಥರ ಕಾಣುತ್ತೆ. ಇದರಲ್ಲಿ ವಾಸ್ತುಶಿಲ್ಪ ಅನ್ನೋದು ಏನಿದೆ?

ಅಳತೆಯಲ್ಲಿದೆ, ಅಲಂಕಾರದಲ್ಲಿ ಕಮ್ಮಿ. ಮೇಲೆ ಟಿಕೆಟ್ ಹಜಾರ, ಕೆಳಗೆ ಪ್ಲಾಟ್‌ಫಾರ್ಮ್, ನಡುವೆ ಮೆಟ್ಟಿಲು. ಗ್ರಾನೈಟ್ ನೆಲ, ಸ್ಟೀಲ್ ಕಂಬಿ. ಮೊದಲ ದಿನದಿಂದಲೇ ಆರು ಬೋಗಿಗೆ ಸಾಕಾಗುವಷ್ಟು ಉದ್ದದ ಪ್ಲಾಟ್‌ಫಾರ್ಮ್ ಕಟ್ಟಿದರು. ಆಗ ಓಡುತ್ತಿದ್ದದ್ದು ಮೂರು ಬೋಗಿ. ಅರ್ಧ ಪ್ಲಾಟ್‌ಫಾರ್ಮ್ ಖಾಲಿ ಬಿದ್ದಿರುತ್ತಿತ್ತು. 2018ರ ಜೂನ್‌ನಲ್ಲಿ ಆರು ಬೋಗಿಯ ರೈಲು ಬಂದಾಗ ಆ ಉದ್ದದ ಬೆಲೆ ಗೊತ್ತಾಯಿತು. ನೆಲದಡಿಯ ಪೆಟ್ಟಿಗೆಯನ್ನು ಆಮೇಲೆ ಉದ್ದ ಮಾಡಲು ಆಗುವುದಿಲ್ಲ.

ಮೆಜೆಸ್ಟಿಕ್ ಮಾತ್ರ ಬೇರೆ ಜಾತಿ. ಎರಡು ಮಾರ್ಗ ಒಂದನ್ನೊಂದು ದಾಟುತ್ತವೆ, ನೇರಳೆ ಮೇಲೆ, ಹಸಿರು ಅದರ ಕೆಳಗೆ. ಅಲ್ಲಿ ಛಾವಣಿ ಎತ್ತರ, ಕಂಬಗಳು ದಪ್ಪ, ಜನ ಎಲ್ಲ ಕಡೆಯಿಂದ ಹರಿದು ಬರುತ್ತಾರೆ. ದೊಡ್ಡ ಊರಿನಲ್ಲಿ ಇದ್ದೇನೆ ಎಂದು ನನಗೆ ಅನಿಸುವುದು ಅಲ್ಲಿ ಮಾತ್ರ. ಕಬ್ಬನ್ ಪಾರ್ಕ್‌ನಲ್ಲಿ ಸೃಷ್ಟಿ ಕಲಾ ಶಾಲೆಯ ವಿದ್ಯಾರ್ಥಿಗಳು ಗೋಡೆಗಳಿಗೆ ಚಿತ್ರ ಬರೆದು ಒಂದು ಗುರುತು ಕೊಟ್ಟರು. ಉಳಿದ ನಿಲ್ದಾಣಗಳ ಒಳಗೆ ನಿಂತರೆ ಹೆಸರಿನ ಬೋರ್ಡ್ ಓದದೆ ಯಾವುದು ಎಂದು ಹೇಳುವುದು ಕಷ್ಟ. ಇದು ನನಗೆ ಬೇಜಾರಿನ ವಿಷಯ. ಕೋಟೆಯ ಪಕ್ಕ, ಪೇಟೆಯ ಕೆಳಗೆ, ಕೆರೆಯ ತಳದಲ್ಲಿ ಕಟ್ಟಿದ ಮೂರು ನಿಲ್ದಾಣಗಳಿಗೆ ಮೂರು ಮುಖ ಇರಬೇಕಿತ್ತು.

## ಗುಲಾಬಿ ಮಾರ್ಗ ಮತ್ತು ಕಷ್ಟದ ಪ್ರಶ್ನೆಗಳು

ಗುಲಾಬಿ ಮಾರ್ಗದಲ್ಲಿ ಎಷ್ಟು ನೆಲದಡಿ?

ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ 21.25 ಕಿ.ಮೀ. ಅದರಲ್ಲಿ 13.76 ಕಿ.ಮೀ. ಸುರಂಗ, ಹನ್ನೆರಡು ನಿಲ್ದಾಣ. ಡೇರಿ ವೃತ್ತ, ಲಕ್ಕಸಂದ್ರ, ಲ್ಯಾಂಗ್‌ಫೋರ್ಡ್ ಟೌನ್, ಎಂ.ಜಿ. ರಸ್ತೆ, ಶಿವಾಜಿನಗರ, ಪಾಟರಿ ಟೌನ್, ಟ್ಯಾನರಿ ರಸ್ತೆ, ವೆಂಕಟೇಶಪುರ ಎಲ್ಲ ಇದರಲ್ಲೇ. 2021ರ ಸೆಪ್ಟೆಂಬರ್‌ನಲ್ಲಿ ಊರ್ಜಾ ಯಂತ್ರ ದಂಡು (ಕಂಟೋನ್ಮೆಂಟ್) ಕಡೆಯಿಂದ ಹೊರಟು ಶಿವಾಜಿನಗರದಲ್ಲಿ ಗೋಡೆ ಒಡೆದು ಹೊರಬಂತು. 2024ರ ಅಕ್ಟೋಬರ್‌ನಲ್ಲಿ ತುಂಗಾ ನಾಗವಾರ ಮುಟ್ಟಿದಾಗ ಸುರಂಗ ಕೊರೆಯುವ ಕೆಲಸ ಮುಗಿಯಿತು.

ದಂಡು ಮೆಟ್ರೊ ಸ್ಟೇಷನ್ ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಯಾಕಿಲ್ಲ?

ಮೊದಲ ಯೋಜನೆಯಲ್ಲಿ ಪಕ್ಕದಲ್ಲೇ ಇತ್ತು. ಆಮೇಲೆ ಬಂಬೂ ಬಜಾರ್ ಮೈದಾನದ ಕಡೆಗೆ ಸರಿಸಿದರು. ರೈಲು ಪ್ರಯಾಣಿಕರು, ನಗರದ ಹಲವು ಸಂಘಟನೆಗಳು ಬೇಡ ಎಂದು ಹೋರಾಡಿದರು. 1864ರಿಂದ ಇರುವ ದಂಡು ರೈಲು ನಿಲ್ದಾಣದಿಂದ ಸೂಟ್‌ಕೇಸ್ ಎಳೆದುಕೊಂಡು ನಡೆಯುವವರ ಕಷ್ಟ ಯೋಚಿಸಿದರೆ, ಹೋರಾಡಿದವರ ಮಾತು ಸರಿ ಎಂದೇ ನನ್ನ ಅಭಿಪ್ರಾಯ. ಇದೇ ಮಾರ್ಗದಲ್ಲಿ ವೆಲ್ಲಾರ ಜಂಕ್ಷನ್ ಹತ್ತಿರ ಆಲ್ ಸೇಂಟ್ಸ್ ಚರ್ಚಿನ ಅಂಗಳದ ಹಳೇ ಮರಗಳಿಗಾಗಿಯೂ ಜನ ನಿಂತರು.

ನಮ್ಮನೆ ಕೆಳಗೇ ಸುರಂಗ ಹೋಗುತ್ತೆ ಅಂತಾರೆ. ಹೆದರಬೇಕಾ?

ಸುರಂಗ ಮುಗಿದು ಕಾಂಕ್ರೀಟ್ ಬಳೆ ಕೂತ ಮೇಲೆ ಹೆದರಿಕೆ ಕಡಿಮೆ. ಅಪಾಯ ಇರುವುದು ಕೊರೆಯುವ ದಿನಗಳಲ್ಲಿ. ಅದಕ್ಕೇ ಯಂತ್ರ ಬರುವ ಮೊದಲು ಮನೆಮನೆಗೆ ಬಂದು ಬಿರುಕುಗಳ ಫೋಟೊ ತೆಗೆಯುತ್ತಾರೆ, ಗೋಡೆಗೆ ಅಳತೆಯ ಗುರುತು ಅಂಟಿಸುತ್ತಾರೆ. ಆ ಫೋಟೊಗಳ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ. ತಾರೀಖು ಕಾಣುವ ಹಾಗೆ ನೀವೇ ತೆಗೆದಿಟ್ಟುಕೊಂಡರೂ ಆಯಿತು.

ಬೆಂಗಳೂರಿನಲ್ಲಿ ಇನ್ನೊಂದು ತೊಂದರೆ ಇದೆ. ಹಳೇ ಬಡಾವಣೆಗಳಲ್ಲಿ ಮುಚ್ಚಿದ ಬಾವಿಗಳು, ಬಿಟ್ಟುಹೋದ ಬೋರ್‌ವೆಲ್‌ಗಳು ಬೇಕಾದಷ್ಟಿವೆ. ಯಾವ ನಕ್ಷೆಯಲ್ಲೂ ಅವು ಇಲ್ಲ. ಸುರಂಗದ ಯಂತ್ರ ಒಳಗಿನ ಒತ್ತಡದಿಂದ ಮಣ್ಣನ್ನು ಹಿಡಿದು ನಿಲ್ಲಿಸಿರುತ್ತದೆ. ಗೊತ್ತಿಲ್ಲದ ಟೊಳ್ಳು ಅಡ್ಡ ಸಿಕ್ಕರೆ ಆ ಒತ್ತಡ ಅದರ ಮೂಲಕ ಹೊರಗೆ ಹೋಗುತ್ತದೆ, ಮಣ್ಣು ಕುಸಿಯುತ್ತದೆ. 2023ರ ಜನವರಿಯಲ್ಲಿ ಬ್ರಿಗೇಡ್ ರಸ್ತೆಯ ತುದಿಯಲ್ಲಿ ರಸ್ತೆ ಕುಸಿದು ಗುಂಡಿ ಬಿದ್ದಾಗಲೂ ಆ ಭಾಗದಲ್ಲಿ ಸುರಂಗದ ಕೆಲಸ ನಡೆದಿತ್ತು. ಹಾಗಾಗಿ ಮುಂದೆ ನಿಮ್ಮ ಬೀದಿಗೆ ಸರ್ವೆಯವರು ಬಂದರೆ, ಮನೆಯಲ್ಲಿರುವ ಹಿರಿಯರನ್ನು ಹೊರಗೆ ಕರೆದು ಕೂರಿಸಿ. ಬಾವಿ ಎಲ್ಲಿತ್ತು, ಯಾವ ವರ್ಷ ಮುಚ್ಚಿದರು, ಏನು ಹಾಕಿ ಮುಚ್ಚಿದರು ಎಂದು ಅವರಿಂದಲೇ ಹೇಳಿಸಿ, ಬರೆಸಿ.